13 ವರ್ಷದ ಬೆಕ್ಕು ದಿನವಿಡೀ ಉಚ್ಚೆ ಹೊಯ್ಯುತ್ತದೆ, ನೀರು ತೆಗೆದಿಡಬೇಕೆ?

ಪ್ರಶ್ನೆ: ನನಗೆ 61 ವರ್ಷ. ಮೈಸೂರಿನಲ್ಲಿ ಒಬ್ಬಳೇ ಇದ್ದೇನೆ. ಬೀದಿ ಪ್ರಾಣಿಗಳ ಕೆಲಸ ಮಾಡುವ ಪರಿಚಯದ ಹುಡುಗಿಯರು, ಖಾಯಂ ಮನೆ ಸಿಗುವವರೆಗೆ ಇಟ್ಟುಕೊಳ್ಳಿ ಎಂದು ಮೂರು ವಾರದ ಹಿಂದೆ ಒಂದು ಮುದಿ ಗಂಡು ಬೆಕ್ಕನ್ನು ತಂದುಬಿಟ್ಟರು. ಸಾಕಿದ್ದ ಹಿರಿಯರು ತೀರಿಕೊಂಡರಂತೆ. ಹೆಸರು ಗುಂಡ, ವಯಸ್ಸು 13ರ ಆಸುಪಾಸು, ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿದೆ. ಒಂದು ಕಾಲಕ್ಕೆ ದಪ್ಪಗಿದ್ದನಂತೆ, ಈಗ ಬೆನ್ನಮೂಳೆ ಕೈಗೆ ಸಿಗುತ್ತದೆ. ಟ್ರೇ ತುಂಬಿ ಹೋಗುತ್ತದೆ, ಆಮೇಲೆ ಬಚ್ಚಲ ಮುಂದೆ, ಒಮ್ಮೊಮ್ಮೆ ನನ್ನ ಹಾಸಿಗೆಯ ಮೇಲೂ ಚೊಂಬು ನೀರು ಚೆಲ್ಲಿದ ಹಾಗೆ ಉಚ್ಚೆ ಹೊಯ್ಯುತ್ತಾನೆ. ಬಟ್ಟಲ ನೀರು ಸಾಲದೆ ಬಚ್ಚಲ ಬಕೆಟ್ಟಿಗೂ ಬಾಯಿ ಹಾಕುತ್ತಾನೆ. ರಾತ್ರಿ ನೀರು ತೆಗೆದಿಡಿ ಎಂದು ಪಕ್ಕದ ಮನೆಯವರು ಹೇಳಿದರು, ಎರಡು ರಾತ್ರಿ ಹಾಗೆಯೇ ಮಾಡಿದೆ. ನಮ್ಮದು ಸಸ್ಯಾಹಾರಿ ಮನೆ. ಅವನಿಗೆ ಮೊಸರನ್ನ, ಹಾಲನ್ನ ಕೊಡುತ್ತಿದ್ದೇನೆ. ಮನೆಯಲ್ಲಿ ನನ್ನದೇ ಇನ್ನೊಂದು ಹೆಣ್ಣು ಬೆಕ್ಕು ಇದೆ. ಇವನು ಹಟಕ್ಕೆ ಹೀಗೆ ಮಾಡುತ್ತಾನೆಯೇ? ವಾಪಸು ಕೊಟ್ಟುಬಿಡಲೇ?

ಉತ್ತರ: ಈ ಉತ್ತರವನ್ನು ಪೂರ್ತಿ ಓದುವ ಮೊದಲು ಎದ್ದು ಹೋಗಿ ಗುಂಡನ ನೀರಿನ ಬಟ್ಟಲನ್ನು ತುಂಬಿಸಿ ಇಡಿ. ಒಂದಲ್ಲ, ಮೂರು ಕಡೆ ಇಡಿ. ಇಂದು ರಾತ್ರಿಯೂ ತೆಗೆಯಬೇಡಿ, ಇನ್ನು ಮುಂದೆಯೂ ತೆಗೆಯಬೇಡಿ.

ಪಕ್ಕದ ಮನೆಯವರ ಸಲಹೆ ಮೇಲುನೋಟಕ್ಕೆ ಸರಿಯೆನಿಸುತ್ತದೆ: ಕುಡಿಯುವುದು ನಿಂತರೆ ಹೊಯ್ಯುವುದೂ ನಿಲ್ಲಬೇಕಲ್ಲ ಎಂದು. ಗುಂಡನ ವಯಸ್ಸಿನ ಬೆಕ್ಕಿನಲ್ಲಿ ಸಾಮಾನ್ಯವಾಗಿ ನಡೆಯುವುದು ಇದರ ತಿರುವುಮುರುವು. ಅವನು ಹೆಚ್ಚು ಕುಡಿಯುತ್ತಿರುವುದರಿಂದ ಹೆಚ್ಚು ಹೊಯ್ಯುತ್ತಿಲ್ಲ. ದೇಹದಿಂದ ನೀರು ಸೋರಿಹೋಗುತ್ತಿರುವುದರಿಂದ ಆ ನಷ್ಟ ತುಂಬಲು ಕುಡಿಯುತ್ತಿದ್ದಾನೆ. ನೀರು ತೆಗೆದಿಟ್ಟರೂ ಮೂತ್ರಪಿಂಡ ನೀರನ್ನು ಹೊರಹಾಕುತ್ತಲೇ ಇರುತ್ತದೆ. ಬೆಳಗಾಗುವಷ್ಟರಲ್ಲಿ ಮೈಯ ನೀರು ಇಂಗಿ, ರಕ್ತ ಗಟ್ಟಿಯಾಗಿ, ಮೊದಲೇ ಸೋತಿರುವ ಮೂತ್ರಪಿಂಡಕ್ಕೆ ಇನ್ನೊಂದು ಪೆಟ್ಟು ಬೀಳುತ್ತದೆ. ಮುದಿ ಬೆಕ್ಕಿನ ಮಟ್ಟಿಗೆ ಒಂದು ರಾತ್ರಿಯ ನೀರಡಿಕೆಯೂ ಸಣ್ಣ ಸಂಗತಿಯಲ್ಲ. ಎರಡು ರಾತ್ರಿ ನೀರಿಲ್ಲದೆ ಇದ್ದಿದ್ದಾನೆ. ಈಗ ಮಂಕಾಗಿದ್ದರೆ, ಒಸಡು ಮುಟ್ಟಿದಾಗ ಬೆರಳಿಗೆ ಅಂಟಂಟಾಗಿ ತಾಗಿದರೆ, ಊಟ ಮೂಸಿ ಬಿಟ್ಟುಬಿಟ್ಟರೆ, ನಾಳೆಯೇ ವೈದ್ಯರಿಗೆ ತೋರಿಸಿ.

ಹಟದ ಮಾತಿಗೆ ಬರುತ್ತೇನೆ. ಬೆಕ್ಕು ಸೇಡಿಗಾಗಿ ಉಚ್ಚೆ ಹೊಯ್ಯುವುದಿಲ್ಲ. ಹೊಸ ಮನೆಯ ಕಳವಳದಿಂದ ಟ್ರೇ ಬಿಟ್ಟು ಹೊಯ್ಯುವ ಬೆಕ್ಕುಗಳು ಇವೆ ನಿಜ. ಆದರೆ ಕಳವಳದಿಂದ ಹೀಗೆ ಬಕೆಟ್ಟಿಗೆ ಬಾಯಿ ಹಾಕುವಷ್ಟು ಬಾಯಾರಿಕೆಯಾಗಲಿ, ಬೆನ್ನಮೂಳೆ ಕಾಣುವಷ್ಟು ಸೊರಗುವುದಾಗಲಿ ಆಗುವುದಿಲ್ಲ. ನೀವು ಬರೆದಿರುವ ಮೂರು ಸಂಗತಿ, ಅಂದರೆ ರಾಶಿ ಉಚ್ಚೆ, ತೀರದ ಬಾಯಾರಿಕೆ, ಇಳಿದ ತೂಕ, ಒಟ್ಟಿಗೆ ಬಂದಾಗ ಅದು ಕಾಯಿಲೆ ಎಂದೇ ಹಿಡಿದು ಹೊರಡಬೇಕು. ಗದರಬೇಡಿ. ಗದರಿದರೆ ಹೊಯ್ಯುವುದು ನಿಲ್ಲುವುದಿಲ್ಲ, ನಿಮ್ಮ ಕಣ್ಣಿಗೆ ಬೀಳದ ಮೂಲೆ ಹುಡುಕುತ್ತಾನೆ, ಅಷ್ಟೇ.

ಇಲ್ಲಿ ಒಂದು ಎಚ್ಚರಿಕೆಯನ್ನು ಸೇರಿಸಲೇಬೇಕು, ಏಕೆಂದರೆ ಗುಂಡ ಗಂಡು ಬೆಕ್ಕು. ಹೆಚ್ಚು ಹೊಯ್ಯುವುದು ಬೇರೆ, ಹೆಚ್ಚು ಸಲ ಹೊಯ್ಯಲು ಕೂರುವುದು ಬೇರೆ. ಟ್ರೇಗೆ ಮತ್ತೆ ಮತ್ತೆ ಹೋಗಿ ತಿಣುಕಿ, ಕೂಗಿ, ತೊಟ್ಟು ತೊಟ್ಟಾಗಿ ಮಾತ್ರ ಬರುತ್ತಿದ್ದರೆ ಅಥವಾ ಏನೂ ಬಾರದಿದ್ದರೆ ಮೂತ್ರನಾಳ ಕಟ್ಟಿಕೊಂಡಿದೆ ಎಂದೇ ತಿಳಿಯಬೇಕು. ಗಂಡು ಬೆಕ್ಕಿನ ಮೂತ್ರನಾಳ ಬಹಳ ಕಿರಿದು. ಪೂರ್ತಿ ಕಟ್ಟಿಕೊಂಡರೆ ಒಂದೆರಡು ದಿನದಲ್ಲಿ ಜೀವ ಹೋಗುತ್ತದೆ. ಅಂಥ ದಿನ ಬಂದರೆ ಬೆಳಗಾಗಲಿ ಎಂದು ಕಾಯದೆ, ನಡುರಾತ್ರಿಯಾದರೂ ತೆರೆದಿರುವ ಆಸ್ಪತ್ರೆಗೆ ಓಡಬೇಕು. ನಿಮ್ಮ ವಿವರಣೆಯಲ್ಲಿ ಇರುವುದು ದೊಡ್ಡ ದೊಡ್ಡ ಮಡುಗಳು, ಆದ್ದರಿಂದ ಸದ್ಯಕ್ಕೆ ಆ ಭಯವಿಲ್ಲ.

ಈಗ ಕೆಲಸಕ್ಕೆ ಇಳಿಯೋಣ. ವೈದ್ಯರ ಬಳಿ ಹೋಗುವ ಮೊದಲು ಅವನು ಒಂದು ದಿನಕ್ಕೆ ಎಷ್ಟು ನೀರು ಕುಡಿಯುತ್ತಾನೆ ಎಂಬುದನ್ನು ಅಳೆಯಿರಿ. ಇದನ್ನು ನಿಮ್ಮಷ್ಟು ಚೆನ್ನಾಗಿ ಯಾವ ಆಸ್ಪತ್ರೆಯೂ ಮಾಡಲಾರದು. ಮೇಜಿನ ಮೇಲೆ ಹೆದರಿ ಮುದುಡಿ ಕೂತ ಬೆಕ್ಕನ್ನು ನೋಡಿ ವೈದ್ಯರಿಗೆ ಇದು ತಿಳಿಯುವುದಿಲ್ಲ.

ಅಳೆಯುವಷ್ಟು ದಿನ ನಿಮ್ಮ ಹೆಣ್ಣು ಬೆಕ್ಕನ್ನು ಬೇರೆ ಕೋಣೆಯಲ್ಲಿ ಇಡಿ. ಬಚ್ಚಲ ಬಾಗಿಲು ಹಾಕಿ, ಬಕೆಟ್ಟಿಗೆ ಮುಚ್ಚಳ ಮುಚ್ಚಿ, ಹೂಕುಂಡದ ತಟ್ಟೆಯ ನೀರನ್ನೂ ಚೆಲ್ಲಿಬಿಡಿ. ಔಷಧದ ಅಂಗಡಿಯಲ್ಲಿ ಸಿಗುವ ದೊಡ್ಡ ಸಿರಿಂಜಿನಿಂದಲೋ ಅಳತೆಯ ಲೋಟದಿಂದಲೋ ಬೆಳಿಗ್ಗೆ 6ಕ್ಕೆ ಅಗಲ ಬಾಯಿಯ ಬಟ್ಟಲುಗಳಿಗೆ ಒಟ್ಟು 600 ಮಿಲಿಲೀಟರ್ ನೀರು ಹಾಕಿ. ಅಂಥದ್ದೇ ಇನ್ನೊಂದು ಬಟ್ಟಲಿಗೆ 200 ಮಿಲಿಲೀಟರ್ ಹಾಕಿ ಅವನಿಗೆ ಎಟುಕದ ಅಟ್ಟದ ಮೇಲೆ ಇಡಿ. ಮರುದಿನ ಅದರಲ್ಲಿ ಎಷ್ಟು ಕಡಿಮೆಯಾಗಿದೆಯೋ ಅದು ಗಾಳಿಗೆ ಆರಿಹೋದ ನೀರು. ಪ್ರತಿ ಬಟ್ಟಲಿಗೂ ಅಷ್ಟನ್ನು ಕಳೆಯಬೇಕು. ನಡುವೆ ಮತ್ತೆ ತುಂಬಿಸಿದರೆ ಬರೆದಿಡಿ. ಮರುದಿನ ಬೆಳಿಗ್ಗೆ 6ಕ್ಕೆ ಉಳಿದದ್ದನ್ನು ಅಳೆಯಿರಿ. ಹೀಗೆ ಎರಡು ಮೂರು ದಿನ ಮಾಡಿ ಸರಾಸರಿ ತೆಗೆದರೆ ಲೆಕ್ಕ ಗಟ್ಟಿಯಾಗುತ್ತದೆ. ಹಾಲು ಕೊಟ್ಟಿದ್ದರೆ ಅದನ್ನೂ ಸೇರಿಸಿ.

ಅವನ ತೂಕವೂ ಬೇಕು. ಬುಟ್ಟಿಯಲ್ಲಿ ಕೂರಿಸಿ ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಇಟ್ಟರೆ ಸಾಕು, ಬುಟ್ಟಿಯ ತೂಕ ಕಳೆಯಿರಿ. ಆರೋಗ್ಯವಂತ ಬೆಕ್ಕು ಒಂದು ಕಿಲೋ ಮೈತೂಕಕ್ಕೆ ದಿನಕ್ಕೆ ಸುಮಾರು 50 ಮಿಲಿಲೀಟರ್‌ನೊಳಗೆ ಕುಡಿಯುತ್ತದೆ. 100 ದಾಟಿದರೆ ಅದು ನಿಸ್ಸಂದೇಹವಾಗಿ ಅತಿ. ಗುಂಡ ನಾಲ್ಕು ಕಿಲೋ ಇದ್ದರೆ 200ರವರೆಗೆ ಚಿಂತೆಯಿಲ್ಲ, 400 ದಾಟಿದರೆ ರೋಗ ಇದೆ. ನಡುವಿನ ಅಂಕಿಯೂ ಮುಖ್ಯವೇ: ಮೊಸರನ್ನದಂಥ ತೇವದ ಊಟ ಮಾಡಿಯೂ 300 ಕುಡಿಯುತ್ತಿದ್ದರೆ ನಾನು ಪರೀಕ್ಷೆ ಮಾಡಿಸಿಯೇ ಮಾಡಿಸುತ್ತೇನೆ.

ಟ್ರೇಗೆ ಉಂಡೆಗಟ್ಟುವ ಬೆಂಟೊನೈಟ್ ಮರಳು ಬಳಸಿದರೆ ಇನ್ನೊಂದು ಅಳತೆ ಸಿಗುತ್ತದೆ. ಪ್ರತಿ ಸಲ ಹೊಯ್ದಾಗ ಒಂದು ಉಂಡೆ. ದಿನಕ್ಕೆ ಎಷ್ಟು ಉಂಡೆ, ಎಷ್ಟು ದೊಡ್ಡವು ಎಂದು ಗೋಡೆಯ ಕ್ಯಾಲೆಂಡರಿನ ಅದೇ ದಿನದ ಚೌಕದಲ್ಲಿ ಬರೆಯಿರಿ. ಎರಡು ನಿಂಬೆಗಾತ್ರದ ಉಂಡೆಗಳ ಜಾಗದಲ್ಲಿ ಐದಾರು ಕಿತ್ತಳೆಗಾತ್ರದವು ಬರುತ್ತಿದ್ದರೆ ಆ ಕ್ಯಾಲೆಂಡರಿನ ಹಾಳೆಯ ಫೋಟೋ ತೆಗೆದು ವೈದ್ಯರಿಗೆ ತೋರಿಸಿ.

ಇಂಥ ಬೆಕ್ಕಿನಲ್ಲಿ ನಾನು ಮೊದಲು ಹುಡುಕುವುದು ಮೂರು ಕಾಯಿಲೆಗಳನ್ನು. ಮೊದಲನೆಯದು ಮೂತ್ರಪಿಂಡದ ದೀರ್ಘಕಾಲದ ಸೋಲು. ಬೆಕ್ಕಿನ ಮೂಲ ಒಣನಾಡಿನ ಕಾಡುಬೆಕ್ಕು. ಇದ್ದ ನೀರನ್ನು ಹಿಡಿದಿಟ್ಟು ಬಹಳ ಗಾಢವಾದ ಮೂತ್ರ ಮಾಡುವ ಶಕ್ತಿ ಅದರ ಮೂತ್ರಪಿಂಡಕ್ಕಿದೆ. ವಯಸ್ಸಾಗುತ್ತ ಸೋಸುವ ಘಟಕಗಳಲ್ಲಿ ಸುಮಾರು ಮೂರನೇ ಎರಡು ಪಾಲು ಹಾಳಾದಾಗ ಆ ಶಕ್ತಿ ಕೈಕೊಡುತ್ತದೆ. ಮೂತ್ರ ನೀರು ನೀರಾಗಿ, ಬಣ್ಣವಿಲ್ಲದೆ, ವಾಸನೆಯೂ ಇಲ್ಲದೆ ಬರುತ್ತದೆ. ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್ (ಮಾಂಸಖಂಡದಿಂದ ಬರುವ, ಮೂತ್ರಪಿಂಡ ಹೊರಹಾಕಬೇಕಾದ ಕಸ) ಏರುವುದು ಇನ್ನೂ ಆಮೇಲೆ, ಮುಕ್ಕಾಲು ಪಾಲು ಹೋದ ಮೇಲೆ. ಹಾಗಾಗಿ ರಕ್ತ ಇನ್ನೂ ಹೇಳದ ಸುದ್ದಿಯನ್ನು ನಿಮ್ಮ ಟ್ರೇ ಮೊದಲೇ ಹೇಳುತ್ತದೆ. ಹತ್ತು ವರ್ಷ ದಾಟಿದ ಬೆಕ್ಕುಗಳಲ್ಲಿ ಸುಮಾರು ಮೂರರಲ್ಲಿ ಒಂದಕ್ಕೆ ಈ ತೊಂದರೆ ಇರುತ್ತದೆ ಎಂಬುದು ನಮ್ಮ ವೃತ್ತಿಯಲ್ಲಿ ಬಳಕೆಯಲ್ಲಿರುವ ಅಂದಾಜು.

ಎರಡನೆಯದು ಸಕ್ಕರೆ ಕಾಯಿಲೆ. ದಪ್ಪಗಿದ್ದ ಗಂಡು ಬೆಕ್ಕು, ಶಸ್ತ್ರಚಿಕಿತ್ಸೆ ಆದದ್ದು, ಅನ್ನ ತಿನ್ನುತ್ತಿರುವುದು, ಈಗ ಸೊರಗಿರುವುದು: ಈ ಲಕ್ಷಣಗಳು ಗುಂಡನಿಗೆ ಹೊಂದುತ್ತವೆ. ಅವನು ನಡೆಯುವಾಗ ಹಿಂಗಾಲುಗಳನ್ನು ಗಮನಿಸಿ. ಬೆರಳ ಮೇಲೆ ನಡೆಯುವ ಬದಲು ಹಿಮ್ಮಡಿಯ ತನಕ ನೆಲಕ್ಕೆ ಊರುತ್ತಿದ್ದರೆ ಅದು ಸಕ್ಕರೆ ಕಾಯಿಲೆ ನರಕ್ಕೆ ತಾಗಿದ ಗುರುತು. ಉಚ್ಚೆಗೆ ಇರುವೆ ಮುತ್ತುತ್ತಿದೆಯೇ ಎಂದೂ ನೋಡಿ. ನಮ್ಮ ಹಿರಿಯರು ಮನುಷ್ಯರಲ್ಲಿ ಗಮನಿಸುತ್ತಿದ್ದ ಈ ಸುಳಿವು ಬೆಕ್ಕಿಗೂ ಅನ್ವಯಿಸುತ್ತದೆ. ಆದರೆ ಇರುವೆ ಬರಲಿಲ್ಲ ಎಂದು ಸಕ್ಕರೆ ಕಾಯಿಲೆ ಇಲ್ಲವೆನ್ನುವಂತಿಲ್ಲ.

ಮೂರನೆಯದು ಥೈರಾಯ್ಡ್ ಗ್ರಂಥಿ ಮಿತಿಮೀರಿ ಕೆಲಸ ಮಾಡುವುದು. ಹೊಟ್ಟೆಬಾಕನಂತೆ ತಿನ್ನುತ್ತ ಸೊರಗುವುದು, ರಾತ್ರಿ ಸುಮ್ಮನೆ ಕೂಗಾಡುವುದು, ಎದೆ ಮುಟ್ಟಿದರೆ ಗುಂಡಿಗೆ ಓಡುತ್ತಿರುವುದು ಇದರ ಚಹರೆ. ಇದು ಮೂತ್ರಪಿಂಡದ ಕಾಯಿಲೆಯನ್ನು ಮರೆಮಾಚುತ್ತದೆ ಕೂಡ, ಆದ್ದರಿಂದ ಎರಡನ್ನೂ ಒಟ್ಟಿಗೆ ನೋಡಬೇಕು. ಇವಲ್ಲದೆ ಮೂತ್ರಪಿಂಡದ ಸೋಂಕು, ರಕ್ತದಲ್ಲಿ ಕ್ಯಾಲ್ಸಿಯಂ ಏರಿಕೆ, ಯಾರೋ ಕೊಡಿಸಿದ್ದ ಸ್ಟೆರಾಯ್ಡ್ ಚುಚ್ಚುಮದ್ದು ಕೂಡ ಹೀಗೆ ಮಾಡಬಲ್ಲವು. ತೀರಿಕೊಂಡವರ ಮನೆಯಲ್ಲಿ ಹಳೆಯ ಔಷಧದ ಚೀಟಿ ಏನಾದರೂ ಉಳಿದಿದೆಯೇ ಎಂದು ಆ ಹುಡುಗಿಯರ ಮೂಲಕ ವಿಚಾರಿಸಿ.

ಆಸ್ಪತ್ರೆಯಲ್ಲಿ ಕೇಳಬೇಕಾದ ಪರೀಕ್ಷೆಗಳು: ಮೂತ್ರದ ಸಾಂದ್ರತೆ, ಮೂತ್ರದಲ್ಲಿ ಸಕ್ಕರೆ ಮತ್ತು ಪ್ರೋಟೀನ್, ರಕ್ತದಲ್ಲಿ ಕ್ರಿಯಾಟಿನಿನ್, ಯೂರಿಯಾ, ರಂಜಕ, ಪೊಟ್ಯಾಸಿಯಂ, ಸಕ್ಕರೆ, ಟಿ4 (ಥೈರಾಯ್ಡ್ ಹಾರ್ಮೋನು), ಜೊತೆಗೆ ರಕ್ತದೊತ್ತಡ. ಹಣದ ಮಿತಿ ಇದ್ದರೆ ಮೂತ್ರಪರೀಕ್ಷೆ, ಕ್ರಿಯಾಟಿನಿನ್, ಸಕ್ಕರೆ ಈ ಮೂರನ್ನು ಮೊದಲು ಮಾಡಿಸಿ. ಮೂತ್ರಪರೀಕ್ಷೆಯನ್ನು ಬಿಟ್ಟು ರಕ್ತ ಮಾತ್ರ ನೋಡುವುದನ್ನು ನಾನು ಒಪ್ಪುವುದಿಲ್ಲ. ಮೈಯಲ್ಲಿ ಮಾಂಸವೇ ಕರಗಿರುವ ಮುದಿ ಬೆಕ್ಕಿನಲ್ಲಿ ಕ್ರಿಯಾಟಿನಿನ್ ಮೋಸ ಮಾಡುತ್ತದೆ, ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಮೂತ್ರದ ಸಾಂದ್ರತೆ 1.035ಕ್ಕಿಂತ ಮೇಲಿದ್ದರೆ ಮೂತ್ರಪಿಂಡ ನೀರು ಹಿಡಿದಿಡುತ್ತಿದೆ ಎಂದರ್ಥ, ಅದು 1.015ರ ಸುತ್ತ ಇದ್ದರೆ ನೀರು ಹಿಡಿದಿಡಲು ಆಗುತ್ತಿಲ್ಲ ಎಂದರ್ಥ. ಆಸ್ಪತ್ರೆಯ ಗಾಬರಿಗೇ ಬೆಕ್ಕಿನ ರಕ್ತದ ಸಕ್ಕರೆ ಏರುತ್ತದೆ, ಒಮ್ಮೊಮ್ಮೆ 200 ದಾಟುತ್ತದೆ. ಒಂದೇ ಅಂಕಿ ನೋಡಿ ಇನ್ಸುಲಿನ್ ಶುರು ಮಾಡಬಾರದು. ಮೂತ್ರದಲ್ಲೂ ಸಕ್ಕರೆ ಇದೆಯೇ ನೋಡಬೇಕು, ಸಾಧ್ಯವಾದರೆ ಹಿಂದಿನ ಒಂದೆರಡು ವಾರಗಳ ಸಕ್ಕರೆಯನ್ನು ಹೇಳುವ ಫ್ರಕ್ಟೋಸಮೈನ್ ಪರೀಕ್ಷೆ ಮಾಡಿಸಬೇಕು.

ಮನೆಯಲ್ಲೇ ಮೂತ್ರ ಹಿಡಿಯಬಹುದು. ಟ್ರೇಯನ್ನು ಬಿಸಿನೀರಿನಲ್ಲಿ ತೊಳೆದು ಒಣಗಿಸಿ, ಮರಳಿನ ಬದಲು ಮೀನಿನ ತೊಟ್ಟಿಗೆ ಹಾಕುವ ನುಣುಪಾದ ಕಲ್ಲುಗಳನ್ನು ತೊಳೆದು ಹರಡಿ. ಅವನು ಹೊಯ್ದ ಮೇಲೆ ಟ್ರೇ ಓರೆ ಮಾಡಿ ಸೂಜಿಯಿಲ್ಲದ ಸಿರಿಂಜಿನಿಂದ ಎಳೆದುಕೊಂಡು ಒಂದೆರಡು ಗಂಟೆಯೊಳಗೆ ತಲುಪಿಸಿ. ಸೋಂಕಿನ ಪರೀಕ್ಷೆಗೆ ಮಾತ್ರ ಇದು ಸಾಲದು. ಅದಕ್ಕೆ ವೈದ್ಯರು ಸೂಜಿಯಿಂದ ಮೂತ್ರಕೋಶದಿಂದಲೇ ತೆಗೆಯುತ್ತಾರೆ. ನೋಡಲು ಭಯವೆನಿಸುತ್ತದೆ, ಬೆಕ್ಕಿಗೆ ರಕ್ತ ತೆಗೆಸಿಕೊಂಡಷ್ಟೇ ನೋವು. ನಿಮ್ಮೂರಿನಲ್ಲಿ ಎಲ್ಲ ಪರೀಕ್ಷೆ ಸಿಗದಿದ್ದರೆ ಹಾಸನದ ಅಥವಾ ಬೆಂಗಳೂರು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಕಳುಹಿಸಿಕೊಡುವಂತೆ ನಿಮ್ಮ ವೈದ್ಯರನ್ನು ಕೇಳಬಹುದು.

ಮೂತ್ರಪಿಂಡವೇ ಎಂದು ತಿಳಿದರೆ ಎದೆಗುಂದಬೇಡಿ. ಕ್ರಿಯಾಟಿನಿನ್ 1.6ರಿಂದ 2.8ರವರೆಗೆ ಇದ್ದರೆ ಎರಡನೆಯ ಹಂತ, 2.9ರಿಂದ 5ರವರೆಗೆ ಮೂರನೆಯದು, ಅದರಾಚೆಗೆ ನಾಲ್ಕನೆಯದು. ಎರಡನೆಯ ಹಂತದ ಬೆಕ್ಕುಗಳು ಒಳ್ಳೆಯ ಆರೈಕೆಯಲ್ಲಿ ವರ್ಷಗಟ್ಟಲೆ ಬದುಕುತ್ತವೆ. ನಾಲ್ಕನೆಯದರಲ್ಲಿ ಮಾತ್ರ ಲೆಕ್ಕ ತಿಂಗಳುಗಳಿಗೆ ಇಳಿಯುತ್ತದೆ. ಚಿಕಿತ್ಸೆಯ ತಿರುಳು ಊಟದಲ್ಲಿ ರಂಜಕ ಕಡಿಮೆ ಮಾಡುವುದು, ನೀರು ಕೊರತೆಯಾಗದಂತೆ ನೋಡಿಕೊಳ್ಳುವುದು, ರಕ್ತದೊತ್ತಡ ಹಿಡಿತದಲ್ಲಿಡುವುದು. ರಕ್ತದೊತ್ತಡ 160 ದಾಟಿ ಹಾಗೇ ಉಳಿದರೆ ಕಣ್ಣಿನ ಪರದೆ ಕಳಚಿ ಬೆಕ್ಕು ಒಂದೇ ದಿನದಲ್ಲಿ ಕುರುಡಾಗಬಹುದು. ಮನುಷ್ಯರು ನುಂಗುವ ಅದೇ ಆಮ್ಲೋಡಿಪಿನ್ ಗುಳಿಗೆಯ ಸಣ್ಣ ಚೂರು ಅದನ್ನು ತಡೆಯುತ್ತದೆ. ಚೂರು ಎಷ್ಟೆಂದು ವೈದ್ಯರೇ ಹೇಳಬೇಕು. ಮುಂದುವರಿದ ಹಂತದಲ್ಲಿ ಭುಜದ ನಡುವಿನ ಸಡಿಲ ಚರ್ಮದಡಿಗೆ ರಿಂಗರ್ ಲ್ಯಾಕ್ಟೇಟ್ ಎಂಬ ಲವಣದ ದ್ರಾವಣವನ್ನು (ಡ್ರಿಪ್) ಕೊಡುವುದನ್ನು ಮನೆಯವರೇ ಕಲಿಯುತ್ತಾರೆ. ನೀವೂ ಕಲಿಯಬಲ್ಲಿರಿ.

ಊಟದ ವಿಷಯ ನಿಮಗೆ ಸೂಕ್ಷ್ಮ ಎಂದು ಬಲ್ಲೆ. ಆದರೂ ಹೇಳಬೇಕು: ಬೆಕ್ಕು ಮಾಂಸಾಹಾರಿಯಾಗಿಯೇ ಹುಟ್ಟಿದ ಪ್ರಾಣಿ. ಟಾರಿನ್ ಎಂಬ ಪೋಷಕಾಂಶ ಮಾಂಸದಿಂದಲೇ ಬರಬೇಕು. ಅದಿಲ್ಲದೆ ಅದರ ಕಣ್ಣು, ಹೃದಯ ಎರಡೂ ಸೋಲುತ್ತವೆ. ಮೊಸರನ್ನ ಹಾಲನ್ನದಲ್ಲಿ ಅದು ಸಿಗುವುದಿಲ್ಲ, ಸಕ್ಕರೆ ಕಾಯಿಲೆ ಇದ್ದರೆ ಅನ್ನ ನೇರವಾಗಿ ಕೆಡುಕು. ಪೊಟ್ಟಣದಲ್ಲಿ ಬರುವ ಬೆಕ್ಕಿನ ತೇವದ ಆಹಾರವನ್ನು ಅಡುಗೆಮನೆಗೆ ತಾರದೆ, ಪ್ರತ್ಯೇಕ ತಟ್ಟೆಯಲ್ಲಿ ಹಿತ್ತಲ ಕಡೆ ಬಡಿಸಬಹುದು. ಹಾಗೆ ಮಾಡುವ ಸಸ್ಯಾಹಾರಿ ಮನೆಗಳು ಎಷ್ಟೋ ಇವೆ. ಆದರೆ ಒಂದೇ ದಿನದಲ್ಲಿ ಬದಲಿಸಬೇಡಿ. ವಾರಗಟ್ಟಲೆ ಸ್ವಲ್ಪ ಸ್ವಲ್ಪ ಬೆರೆಸುತ್ತ ಹೋಗಿ. ಮುದಿ ಬೆಕ್ಕು ಎರಡು ದಿನ ಉಪವಾಸ ಬಿದ್ದರೆ ಯಕೃತ್ತಿಗೆ ಕೊಬ್ಬು ತುಂಬಿ ಮತ್ತೊಂದು ಅನಾಹುತವಾಗುತ್ತದೆ. ಹೊಸದು ಒಪ್ಪದಿದ್ದರೆ ಹಳೆಯ ಮೊಸರನ್ನವೇ ಸರಿ, ಹೊಟ್ಟೆ ಖಾಲಿ ಇರಬಾರದು. ಮೂತ್ರಪಿಂಡದ ಬೆಕ್ಕಿಗೆ ಒಣಮೀನು ಬೇಡ, ಅದರಲ್ಲಿ ಉಪ್ಪೂ ರಂಜಕವೂ ಹೆಚ್ಚು. ಎಳನೀರು ತಂಪು ಎಂದು ಕುಡಿಸುವವರಿದ್ದಾರೆ. ಅದರಲ್ಲಿ ಪೊಟ್ಯಾಸಿಯಂ ತುಂಬಿದೆ, ರಕ್ತಪರೀಕ್ಷೆ ನೋಡದೆ ಕೊಡಬೇಡಿ. ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಸಾರನ್ನು ಯಾವ ಬೆಕ್ಕಿಗೂ ಹಾಕಬಾರದು. ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ, ಅರ್ಧ ಗುಳಿಗೆಯೂ ಕೊಲ್ಲಬಲ್ಲದು.

ಸಕ್ಕರೆ ಕಾಯಿಲೆಯಾದರೆ ದಿನಕ್ಕೆ ಎರಡು ಸಲ ಇನ್ಸುಲಿನ್, ಅನ್ನವಿಲ್ಲದ ಊಟ. ಬೇಗ ಹಿಡಿದರೆ ಕೆಲವು ಬೆಕ್ಕುಗಳಿಗೆ ತಿಂಗಳುಗಳಲ್ಲಿ ಇನ್ಸುಲಿನ್ ಬೇಡವೇ ಆಗುವುದುಂಟು. ಥೈರಾಯ್ಡ್ ಆದರೆ ಗುಳಿಗೆಯಲ್ಲಿ ಹಿಡಿತಕ್ಕೆ ಬರುತ್ತದೆ.

ಮನೆ ಹೊಲಸಾಗುವ ಸಂಕಟ ನಿಜವಾದದ್ದು, ಅದಕ್ಕೂ ದಾರಿಯಿದೆ. ಅಂಗಡಿಯ ಸಣ್ಣ ಟ್ರೇ ಇಂಥ ಬೆಕ್ಕಿಗೆ ಸಾಲುವುದಿಲ್ಲ. ಬಟ್ಟೆ ನೆನೆಸುವ ದೊಡ್ಡ ಪ್ಲಾಸ್ಟಿಕ್ ಟಬ್ ತಂದು ಒಂದು ಬದಿಯನ್ನು ನೆಲದಿಂದ ನಾಲ್ಕು ಬೆರಳೆತ್ತರಕ್ಕೆ ಕತ್ತರಿಸಿ, ಅಂಚನ್ನು ಉಜ್ಜಿ ನುಣುಪು ಮಾಡಿ. 13 ವರ್ಷದ ಬೆಕ್ಕಿಗೆ ಕೀಲುನೋವು ಇದ್ದೇ ಇರುತ್ತದೆ ಎಂದುಕೊಳ್ಳಿ. ಎತ್ತರದ ಅಂಚು ದಾಟಲಾರದೆ ಎಷ್ಟೋ ಬೆಕ್ಕುಗಳು ಟ್ರೇಯ ಪಕ್ಕದಲ್ಲೇ ಹೊಯ್ಯುತ್ತವೆ. ಎರಡು ಬೆಕ್ಕಿಗೆ ಮೂರು ಟ್ರೇ ಬೇಕು, ಅವುಗಳಲ್ಲಿ ಒಂದು ಅವನು ಈಗಾಗಲೇ ಆರಿಸಿಕೊಂಡಿರುವ ಬಚ್ಚಲ ಮುಂದೆಯೇ ಇರಲಿ. ದಿನಕ್ಕೆ ಎರಡು ಮೂರು ಸಲ ಉಂಡೆ ತೆಗೆಯಿರಿ. ಹಾಸಿಗೆಯ ಮೇಲೆ ಬಾಣಂತಿ, ಮಗುವಿಗೆ ಹಾಸುವ ರಬ್ಬರ್ ಶೀಟ್ ಹಾಕಿ, ಇಲ್ಲವೇ ಕೆಲವು ವಾರ ಮಲಗುವ ಕೋಣೆಯ ಬಾಗಿಲು ಮುಚ್ಚಿ.

ಫಿನಾಯಿಲ್ ಹಾಕಿ ಒರೆಸುತ್ತಿದ್ದರೆ ಇಂದೇ ನಿಲ್ಲಿಸಿ. ಆ ಜಾತಿಯ ರಾಸಾಯನಿಕಗಳನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ತೀರಾ ಕಡಿಮೆ. ಒದ್ದೆ ನೆಲದ ಮೇಲೆ ನಡೆದು ಪಾದ ನೆಕ್ಕಿಕೊಂಡರೆ ಸಾಕು, ವಿಷ ಒಳಗೆ ಹೋಗುತ್ತದೆ. ಉಚ್ಚೆಯನ್ನು ಮೊದಲು ಹಳೆಯ ಪತ್ರಿಕೆಯಿಂದ ಹೀರಿ ತೆಗೆದು, ಸಾಬೂನು ನೀರಿನಿಂದ ತೊಳೆದು, ವಾಸನೆ ಉಳಿದರೆ ಸಾಕುಪ್ರಾಣಿ ಅಂಗಡಿಯಲ್ಲಿ ಸಿಗುವ ಕಿಣ್ವ (ಎಂಜೈಮ್) ಇರುವ ದ್ರಾವಣ ಬಳಸಿ.

ವಾಪಸು ಕೊಡುವ ಪ್ರಶ್ನೆಗೆ ನನ್ನ ಅಭಿಪ್ರಾಯ ಸ್ಪಷ್ಟ: ಪರೀಕ್ಷೆಯ ವರದಿ ಬರುವವರೆಗೆ ಇಟ್ಟುಕೊಳ್ಳಿ. ಈಗ ಕೊಟ್ಟರೆ ಅವನು ಉಚ್ಚೆ ಹೊಯ್ಯುವ ಬೆಕ್ಕು ಎಂಬ ಹೆಸರು ಹೊತ್ತು ಮನೆಯಿಂದ ಮನೆಗೆ ಅಲೆಯುತ್ತಾನೆ. ವರದಿ ಕೈಯಲ್ಲಿದ್ದರೆ ಇಂಥ ಕಾಯಿಲೆಗೆ ಇಂಥ ಔಷಧ ನಡೆಯುತ್ತಿರುವ ಬೆಕ್ಕು ಆಗುತ್ತಾನೆ. ಅಂಥವನನ್ನು ತಿಳಿದೇ ಮನೆಗೆ ಕರೆದೊಯ್ಯುವವರು ಇದ್ದಾರೆ. ಕಾಯಿಲೆ ಮುಚ್ಚಿಟ್ಟು ದತ್ತು ಕೊಡಲು ಮಾತ್ರ ಎಂದಿಗೂ ಒಪ್ಪಬೇಡಿ.

ತಂದುಬಿಟ್ಟ ಹುಡುಗಿಯರೊಂದಿಗೆ ಕೂತು ನಾಲ್ಕು ಮಾತು ಬರೆದುಕೊಳ್ಳಿ. ಪರೀಕ್ಷೆ, ಔಷಧ, ಮರಳು, ಇವುಗಳ ಖರ್ಚು ಯಾರದು? ಯಾವ ವೈದ್ಯರಲ್ಲಿಗೆ ಹೋಗಬೇಕು? ತುರ್ತು ಬಂದರೆ ಯಾರಿಗೆ ಫೋನ್? ಕಾಯಿಲೆ ವಿಪರೀತಕ್ಕೆ ಹೋದರೆ ಚಿಕಿತ್ಸೆ ಎಲ್ಲಿಯವರೆಗೆ ಎಂದು ತೀರ್ಮಾನಿಸುವವರು ಯಾರು? ನೀವು ಜಾಗವನ್ನೂ ಆರೈಕೆಯನ್ನೂ ಕೊಡುತ್ತಿದ್ದೀರಿ. ಪಿಂಚಣಿಯ ಹಣವನ್ನೂ ಕೊಡಲೇಬೇಕೆಂಬ ಕಟ್ಟಳೆಯಿಲ್ಲ. ನಿಮ್ಮ ಹೆಣ್ಣು ಬೆಕ್ಕಿನ ಸಲುವಾಗಿ ಅವನ ಲಸಿಕೆಯ ದಾಖಲೆ, ಬೆಕ್ಕಿನ ಲ್ಯುಕೇಮಿಯಾ ಮತ್ತು ಏಡ್ಸ್ ವೈರಾಣುಗಳ ಪರೀಕ್ಷೆ ಆಗಿದೆಯೇ ಎಂದು ಕೇಳಿ. ಆಗಿಲ್ಲದಿದ್ದರೆ ಅದೇ ರಕ್ತದಲ್ಲಿ ಮಾಡಿಸಿ, ಅಲ್ಲಿಯವರೆಗೆ ಇಬ್ಬರ ತಟ್ಟೆ, ಟ್ರೇ ಬೇರೆ ಇರಲಿ.

ಎಲ್ಲ ಮಾಡಿಯೂ ದಿನಕ್ಕೆರಡು ಚುಚ್ಚುಮದ್ದು ನಿಮ್ಮ ಕೈಯಲ್ಲಿ ಆಗದು ಎನಿಸಿದರೆ, ಅದನ್ನು ಬೇಗನೆ, ನೇರವಾಗಿ ಹೇಳಿಬಿಡಿ. ಬೇರೆಯವರನ್ನು ಹುಡುಕಲು ಅವರಿಗೆ ಸಮಯ ಸಿಗುತ್ತದೆ, ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಸದ್ಯಕ್ಕೆ ಗುಂಡನ ತೂಕ, ಮೂರು ದಿನದ ನೀರಿನ ಲೆಕ್ಕ, ಮೂತ್ರದ ಸಾಂದ್ರತೆ, ಕ್ರಿಯಾಟಿನಿನ್ ಮತ್ತು ಸಕ್ಕರೆಯ ಅಂಕಿಗಳನ್ನು ಬರೆದು ಕಳುಹಿಸಿ. ಊಟದ ಪಟ್ಟಿಯನ್ನು ಅವುಗಳನ್ನು ನೋಡಿದ ಮೇಲೆಯೇ ಬರೆದುಕೊಡುತ್ತೇನೆ.